ಲಿಂಕನ್ ಪಾರ್ಕ್: ಗುಡ್ಡದ ಮೇಲಿನ ಸಾರ್ವಜನಿಕ ಗಾಲ್ಫ್ ಮೈದಾನ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ವಾಯವ್ಯ ಮೂಲೆಯಲ್ಲಿ, ಪೆಸಿಫಿಕ್ ಸಾಗರದ ನೀರು ಗೋಲ್ಡನ್ ಗೇಟ್ ಜಲಸಂಧಿಯನ್ನು ಹೊಕ್ಕು ಕೊಲ್ಲಿಯತ್ತ ಸಾಗುವಲ್ಲಿ, ಸಮುದ್ರಕ್ಕೆ ಮುಖಮಾಡಿದ ಗುಡ್ಡವೊಂದಿದೆ. ಅದರ ಮೇಲೆ ಸುಮಾರು 100 ಎಕರೆ ವಿಸ್ತಾರದಲ್ಲಿ ಹರಡಿರುವ ಉದ್ಯಾನಕ್ಕೆ ಲಿಂಕನ್ ಪಾರ್ಕ್ ಎಂದು ಹೆಸರು. ಉದ್ಯಾನದ ಬಹುಭಾಗವನ್ನು 18 ಹೋಲ್‌ಗಳ ಗಾಲ್ಫ್ ಮೈದಾನ ಆವರಿಸಿಕೊಂಡಿದೆ. ಇದು ಯಾವುದೇ ಕ್ಲಬ್ಬಿನ ಸ್ವತ್ತಲ್ಲ. ನಗರಾಡಳಿತದ ಉದ್ಯಾನ ಇಲಾಖೆಗೆ ಸೇರಿದ್ದು. ಶುಲ್ಕ ತೆತ್ತು ಸರದಿಗೆ ಕಾದವರು ಯಾರು ಬೇಕಾದರೂ ಇಲ್ಲಿ ಆಡಬಹುದು.

ಗಾಲ್ಫ್ ಎಂದರೆ ನಮ್ಮಲ್ಲಿ ಕ್ಲಬ್ ಸದಸ್ಯತ್ವ, ಎತ್ತರದ ಗೋಡೆ, ಗೇಟಿನ ಬಳಿ ನಿಂತ ಕಾವಲುಗಾರ ಇವೆಲ್ಲ ನೆನಪಿಗೆ ಬರುವುದು ಸಹಜ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ ಮೊದಲ್ಗೊಂಡು ಈ ಆಟ ಕರ್ನಾಟಕದಲ್ಲಿ ಬೆಳೆದದ್ದು ಹೆಚ್ಚಾಗಿ ಕ್ಲಬ್ಬುಗಳ ಆಸರೆಯಲ್ಲಿ. ಬೆಂಗಳೂರಿನ ಸಹೋದರಿ ನಗರವಾದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಟದ ಇನ್ನೊಂದು ಮುಖ ಕಾಣಸಿಗುತ್ತದೆ. ಸಿಲಿಕಾನ್ ಕಣಿವೆಯಲ್ಲಿ ನೆಲೆಸಿರುವ ಕನ್ನಡಿಗರು ಮತ್ತು ಅವರನ್ನು ಕಾಣಲು ಊರಿನಿಂದ ಬರುವ ತಂದೆತಾಯಿಗಳು ಗೋಲ್ಡನ್ ಗೇಟ್ ಸೇತುವೆ ನೋಡಲು ಬಂದಾಗ ಈ ಗುಡ್ಡದ ಪಕ್ಕದಲ್ಲೇ ಹಾದುಹೋಗುವುದುಂಟು.

ಲಿಂಕನ್ ಪಾರ್ಕಿನಲ್ಲಿ ಆಡಲು ಹೊರಟವರು ಎರಡು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು. ಮೊದಲನೆಯದು, ಈ ನೆಲದ ಏರಿಳಿತ. ಎರಡನೆಯದು, ಈ ನೆಲದ ಚರಿತ್ರೆ. ಎರಡೂ ಕಣ್ಣಿಗೆ ತಟ್ಟನೆ ಕಾಣುವಂಥವಲ್ಲ.

ಸ್ಮಶಾನವಾಗಿದ್ದ ಗುಡ್ಡ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗುಡ್ಡ ಊರಾಚೆಯ ಮರಳು ಪ್ರದೇಶವಾಗಿತ್ತು. ನಗರಾಡಳಿತವು ಇಲ್ಲಿ 200 ಎಕರೆ ಭೂಮಿಯನ್ನು ಕೊಂಡು 1870ರಲ್ಲಿ ಸಾರ್ವಜನಿಕ ಸ್ಮಶಾನವನ್ನು ತೆರೆಯಿತು. ಸಿಟಿ ಸಿಮೆಟರಿ ಎಂದು ಕರೆಯಲ್ಪಟ್ಟ ಇದು ಮುಖ್ಯವಾಗಿ ಬಡವರ ಸ್ಮಶಾನ. ಹೂಳುವ ಖರ್ಚಿಗೆ ಗತಿಯಿಲ್ಲದವರು, ಆಸ್ಪತ್ರೆಗಳಲ್ಲಿ ಅನಾಥರಾಗಿ ಸತ್ತವರು, ಗುರುತು ಸಿಗದವರು ಇಲ್ಲಿ ಮಣ್ಣಾದರು. ಉಳಿದ ಭಾಗಗಳನ್ನು ಬೇರೆ ಬೇರೆ ದೇಶಗಳಿಂದ ವಲಸೆ ಬಂದವರ ಸಂಘಗಳಿಗೆ ಹಂಚಿಕೊಡಲಾಗಿತ್ತು. ಚೀನೀಯರು, ಇಟಲಿಯವರು, ಫ್ರೆಂಚರು, ಯೆಹೂದಿಗಳು, ಜಪಾನೀಯರು, ಹಡಗುಗಳಲ್ಲಿ ದುಡಿಯುತ್ತಿದ್ದ ಕಡಲಾಳುಗಳು ಹೀಗೆ ಒಂದೊಂದು ಸಮುದಾಯಕ್ಕೂ ಅದರದೇ ಜಾಗವಿತ್ತು. ಒಟ್ಟು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಇಲ್ಲಿ ಹೂಳಲಾಯಿತು.

ಚೀನೀಯರ ಪಾಲಿಗೆ ಇದು ತಾತ್ಕಾಲಿಕ ನೆಲೆ. ಪರದೇಶದಲ್ಲಿ ಸತ್ತವರ ಅಸ್ಥಿಗಳನ್ನು ಕೆಲವು ವರ್ಷಗಳ ನಂತರ ಹೊರತೆಗೆದು, ಶುಚಿಗೊಳಿಸಿ, ಹಡಗಿನಲ್ಲಿ ತವರಿಗೆ ಕಳುಹಿಸುವುದು ಅವರ ಪದ್ಧತಿಯಾಗಿತ್ತು. ಉಳಿದವರಲ್ಲಿ ಬಹುಪಾಲು ಜನರಿಗೆ ಅಂಥ ವ್ಯವಸ್ಥೆಯೂ ಇರಲಿಲ್ಲ, ಕೇಳುವ ಬಂಧುಗಳೂ ಇರಲಿಲ್ಲ.

ನಗರ ಬೆಳೆದಂತೆ ಸ್ಮಶಾನಗಳ ಜಾಗ ಬೆಲೆಬಾಳುವಂತಾಯಿತು. 1898ರ ಹೊತ್ತಿಗೆ ಇಲ್ಲಿ ಹೂಳುವುದು ನಿಂತಿತು. ನಗರದ ಎಲ್ಲೆಯೊಳಗೆ ಶವ ಹೂಳಬಾರದೆಂಬ ನಿಷೇಧ 1901ರಲ್ಲಿ ಜಾರಿಗೆ ಬಂತು. ಮುಂದೆ ನಗರದ ಇತರ ಸ್ಮಶಾನಗಳ ಅವಶೇಷಗಳನ್ನು ದಕ್ಷಿಣದ ಕೊಲ್ಮಾ ಎಂಬ ಊರಿಗೆ ಸಾಗಿಸಲಾಯಿತು. ಈ ಗುಡ್ಡದ ಸಮಾಧಿಗಳ ವಿಷಯದಲ್ಲಿ ಅಷ್ಟು ಮುತುವರ್ಜಿ ಕಾಣಲಿಲ್ಲ. ಬಂಧುಗಳು ಬಂದು ಅವಶೇಷಗಳನ್ನು ಒಯ್ಯಬೇಕೆಂದು ಸೂಚಿಸಲಾಯಿತು. ಕೆಲವರು ಒಯ್ದರು. ಹೆಚ್ಚಿನವು ಹಾಗೆಯೇ ಉಳಿದವು. ಮೇಲಿನ ಗುರುತುಗಳನ್ನು ತೆಗೆದು ನೆಲವನ್ನು ಸಮ ಮಾಡಲಾಯಿತು.

ಮೂರು ಹೋಲ್‌ಗಳಿಂದ ಹದಿನೆಂಟಕ್ಕೆ

ಸ್ಮಶಾನವಿದ್ದ ಈ ಭೂಮಿಯಲ್ಲಿ ಗಾಲ್ಫ್ ಕಾಲಿಟ್ಟದ್ದು 1902ರಲ್ಲಿ, ಕೇವಲ ಮೂರು ಹೋಲ್‌ಗಳೊಂದಿಗೆ. 1909ರಲ್ಲಿ ಈ ಜಾಗ ಉದ್ಯಾನ ಆಯೋಗದ ವಶಕ್ಕೆ ಬಂದು, ಅಬ್ರಹಾಂ ಲಿಂಕನ್ನನ ಜನ್ಮಶತಾಬ್ದಿಯ ವರ್ಷವಾದ್ದರಿಂದ ಅವನ ಹೆಸರನ್ನು ಪಡೆಯಿತು. 1914ರ ವೇಳೆಗೆ ಹೋಲ್‌ಗಳು 14 ಆದವು. 1917ರಲ್ಲಿ 18 ಹೋಲ್‌ಗಳ ಪೂರ್ಣ ಮೈದಾನ ಸಿದ್ಧವಾಯಿತು. ಆ ದಿನಗಳಲ್ಲಿ ನಗರದ ಉದ್ಯಾನಗಳ ಅಧೀಕ್ಷಕನಾಗಿದ್ದವನು ಸ್ಕಾಟ್ಲೆಂಡ್ ಮೂಲದ ಜಾನ್ ಮೆಕ್‌ಲಾರೆನ್. ಗೋಲ್ಡನ್ ಗೇಟ್ ಪಾರ್ಕಿನ ಮರಳು ದಿಬ್ಬಗಳನ್ನು ಹಸಿರಾಗಿಸಿದವನೆಂದು ಅವನು ಹೆಸರಾಗಿದ್ದಾನೆ.

1913ರಲ್ಲಿ ರೂಪುಗೊಂಡ ಲಿಂಕನ್ ಹೆದ್ದಾರಿಯ ಕೊನೆಯ ನಿಲ್ದಾಣವೂ ಇದೇ ಉದ್ಯಾನ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಹೊರಟು ಇಡೀ ದೇಶವನ್ನು ದಾಟುತ್ತಿದ್ದ ಆ ರಸ್ತೆಯ ಪಶ್ಚಿಮ ತುದಿಯ ಗುರುತುಗಂಬವನ್ನು ಇಲ್ಲಿ ಇಂದೂ ಕಾಣಬಹುದು.

ಗುಡ್ಡದ ನೆತ್ತಿಯ ಮೇಲೆ 1924ರ ನವೆಂಬರ್ 11ರಂದು ಲೀಜನ್ ಆಫ್ ಆನರ್ ಎಂಬ ಕಲಾ ಸಂಗ್ರಹಾಲಯ ತೆರೆಯಿತು. ಆಲ್ಮಾ ಸ್ಪ್ರೆಕಲ್ಸ್ ಎಂಬ ಶ್ರೀಮಂತ ಮಹಿಳೆ ನಗರಕ್ಕೆ ನೀಡಿದ ಕೊಡುಗೆಯಿದು. ಪ್ಯಾರಿಸ್ಸಿನ ಅದೇ ಹೆಸರಿನ ಅರಮನೆಯ ಮಾದರಿಯಲ್ಲಿ ಕಟ್ಟಿದ ಈ ಭವನವನ್ನು ಮೊದಲ ಮಹಾಯುದ್ಧದಲ್ಲಿ ಮಡಿದ ಕ್ಯಾಲಿಫೋರ್ನಿಯಾದ 3,600 ಯೋಧರ ಸ್ಮರಣೆಗೆ ಅರ್ಪಿಸಲಾಗಿದೆ. ಅಂಗಳದಲ್ಲಿ ರೋದ್ಯಾನ ‘ಚಿಂತಕ’ ಶಿಲ್ಪವಿದೆ. ಹೊರಗೆ ಶಿಲ್ಪಿ ಜಾರ್ಜ್ ಸೀಗಲ್ 1984ರಲ್ಲಿ ರಚಿಸಿದ, ಯೆಹೂದಿ ನರಮೇಧದ ಸ್ಮಾರಕವಿದೆ.

1990ರ ದಶಕದಲ್ಲಿ ಭೂಕಂಪಕ್ಕೆ ಜಗ್ಗದಂತೆ ಈ ಭವನವನ್ನು ಬಲಪಡಿಸಲು ನೆಲ ಅಗೆದಾಗ ಮರೆತ ಚರಿತ್ರೆ ಮೇಲೆ ಬಂತು. ಪುರಾತತ್ವಜ್ಞರು 700ಕ್ಕೂ ಹೆಚ್ಚು ಸಮಾಧಿಗಳನ್ನು ಅಲ್ಲಿ ಗುರುತಿಸಿದರು. ಅದು ಕಟ್ಟಡದ ಸುತ್ತಲಿನ ಚಿಕ್ಕ ಭಾಗದಲ್ಲಿ ಸಿಕ್ಕ ಲೆಕ್ಕವಷ್ಟೆ. ಫೇರ್‌ವೇಗಳ ಹುಲ್ಲಿನ ಕೆಳಗೆ ಇನ್ನೂ ಸಾವಿರಾರು ಜನ ಮಲಗಿದ್ದಾರೆ. ಮೇಲ್ಗಡೆ ಉಳಿದಿರುವ ಕುರುಹುಗಳು ಬೆರಳೆಣಿಕೆಯವು. ಚೀನೀಯರ ಕಾಂಗ್ ಚೌ ಸಂಘದವರು ಅಂತ್ಯಕ್ರಿಯೆಯ ವೇಳೆ ನೈವೇದ್ಯ ಅರ್ಪಿಸುತ್ತಿದ್ದ ಕಲ್ಲಿನ ಮಂಟಪವೊಂದು ಆಟದ ಹುಲ್ಲಿನ ನಡುವೆಯೇ ನಿಂತಿದೆ. ಕಡಲಾಳುಗಳ ಸ್ಮಾರಕ ಸ್ತಂಭವೂ ಇದೆ. 2022ರಲ್ಲಿ ನಗರಾಡಳಿತವು ಹಳೆಯ ಸ್ಮಶಾನದ ಈ ನೆಲೆಯನ್ನು ಅಧಿಕೃತ ಚಾರಿತ್ರಿಕ ತಾಣವೆಂದು ಘೋಷಿಸಿತು.

ಮೈದಾನದ ಸ್ವರೂಪ

ಆಟದ ಪರಿಚಯವಿಲ್ಲದ ಓದುಗರಿಗಾಗಿ ಕೆಲವು ಮಾತು. ಚೆಂಡನ್ನು ಮೊದಲು ಹೊಡೆಯುವ ಕಟ್ಟೆಗೆ ಟೀ ಎಂದು ಹೆಸರು. ಅಲ್ಲಿಂದ ಮುಂದಕ್ಕೆ ಚಾಚಿದ, ಹುಲ್ಲು ಕತ್ತರಿಸಿದ ಹಾದಿ ಫೇರ್‌ವೇ. ಕೊನೆಯಲ್ಲಿರುವ ನುಣುಪಾದ ಹುಲ್ಲಿನ ಅಂಕಣ ಗ್ರೀನ್. ಅದರಲ್ಲಿ ನಾಲ್ಕೂಕಾಲು ಅಂಗುಲ ಅಗಲದ ಕುಳಿಯಿರುತ್ತದೆ. ಟೀಯಿಂದ ಕುಳಿಯವರೆಗಿನ ಇಡೀ ಹಾದಿಯನ್ನೂ ‘ಹೋಲ್’ ಎಂದೇ ಕರೆಯುವುದು ವಾಡಿಕೆ. ಪಳಗಿದ ಆಟಗಾರ ಎಷ್ಟು ಹೊಡೆತಗಳಲ್ಲಿ ಒಂದು ಹೋಲನ್ನು ಮುಗಿಸಬೇಕೆಂಬ ನಿಗದಿಗೆ ‘ಪಾರ್’ ಎನ್ನುತ್ತಾರೆ.

ಲಿಂಕನ್ ಪಾರ್ಕಿನ 18 ಹೋಲ್‌ಗಳ ಒಟ್ಟು ಪಾರ್ 68. ಒಟ್ಟು ಉದ್ದ ಸುಮಾರು 5,150 ಗಜ, ಎಂದರೆ ನಾಲ್ಕೂಮುಕ್ಕಾಲು ಕಿಲೋಮೀಟರಿನ ಆಸುಪಾಸು. ಸಾಮಾನ್ಯವಾಗಿ ಪೂರ್ಣ ಪ್ರಮಾಣದ ಮೈದಾನಗಳ ಪಾರ್ 70ರಿಂದ 72 ಇರುತ್ತದೆ. ಉದ್ದ 6,000 ಗಜಗಳನ್ನು ಮೀರುತ್ತದೆ. ಆದುದರಿಂದ ಅಂಕಿಅಂಶ ನೋಡಿದವರಿಗೆ ಲಿಂಕನ್ ಪಾರ್ಕ್ ಸುಲಭವೆನ್ನಿಸಬಹುದು. ಆಡಿದ ಬಳಿಕ ಹಾಗೆನ್ನುವವರು ಕಡಿಮೆ.

ಕಾರಣ ಗುಡ್ಡ. ಇಲ್ಲಿ ಸಮತಟ್ಟಾದ ನೆಲ ಸಿಗುವುದು ಅಪರೂಪ. ಟೀಯ ಮೇಲೆ ನಿಂತಾಗ ಮಾತ್ರ ಪಾದಗಳು ಸಮವಾಗಿರುತ್ತವೆ. ಮುಂದಿನ ಹೊಡೆತಕ್ಕೆ ಒಂದು ಕಾಲು ಮೇಲೆ, ಇನ್ನೊಂದು ಕೆಳಗೆ. ಫೇರ್‌ವೇಗಳು ಇಕ್ಕಟ್ಟು, ಇಕ್ಕೆಲಗಳಲ್ಲಿ ಮಾಂಟೆರೆ ಸೈಪ್ರೆಸ್ ಮರಗಳು. ಕಡಲ ಗಾಳಿಗೆ ಬಾಗಿ ಬೆಳೆದ ಈ ಮರಗಳ ದಟ್ಟ ಎಲೆಗೊಂಚಲಿನೊಳಗೆ ಚೆಂಡು ಹೊಕ್ಕರೆ ಹುಡುಕುವುದು ಕಷ್ಟ. ಫೇರ್‌ವೇಯ ಮೇಲುಬದಿಗೆ ಬಿದ್ದ ಚೆಂಡು ಉರುಳುತ್ತಾ ಕೆಳಬದಿಯ ಮರಗಳ ಬುಡ ಸೇರುವುದೂ ಉಂಟು. ಗುಡ್ಡದ ಮೈದಾನಗಳಲ್ಲಿ ಚೆಂಡು ಬೀಳುವ ಜಾಗ ಒಂದು, ನಿಲ್ಲುವ ಜಾಗ ಇನ್ನೊಂದು.

ಏರು ಮತ್ತು ಇಳಿಜಾರಿನ ಲೆಕ್ಕ

ಗ್ರೀನ್ ಎತ್ತರದಲ್ಲಿದ್ದರೆ ಚೆಂಡನ್ನು ಎಷ್ಟು ಹೆಚ್ಚು ದೂರಕ್ಕೆ ಹೊಡೆಯಬೇಕು? ಇದಕ್ಕೆ ಆಟಗಾರರು ಬಳಸುವ ಸರಳ ಸೂತ್ರವೊಂದಿದೆ: ಪ್ರತಿ 3 ಅಡಿ ಏರಿಗೆ ಒಂದು ಗಜ ಸೇರಿಸಿ, ಪ್ರತಿ 3 ಅಡಿ ಇಳಿಜಾರಿಗೆ ಒಂದು ಗಜ ಕಳೆಯಿರಿ. ಗ್ರೀನ್ 150 ಗಜ ದೂರದಲ್ಲಿದ್ದು ನೀವು ನಿಂತಲ್ಲಿಗಿಂತ 30 ಅಡಿ ಮೇಲಿದ್ದರೆ ಅದನ್ನು 160 ಗಜದ ಹೊಡೆತವೆಂದೇ ಭಾವಿಸಬೇಕು. ಅಷ್ಟೇ ಕೆಳಗಿದ್ದರೆ 140 ಗಜ ಸಾಕು.

ಸೂತ್ರದ ಹಿಂದಿನ ತರ್ಕ ಸರಳ. ಚೆಂಡು ಓರೆಯಾಗಿ ಕೆಳಗಿಳಿಯುತ್ತದೆ. ಮಧ್ಯಮ ದೂರದ ಹೊಡೆತಗಳಲ್ಲಿ ಅದು ನೆಲಕ್ಕೆ ಬರುವ ಕೋನ ಸುಮಾರು 45 ಡಿಗ್ರಿ. ಆ ಕೋನದಲ್ಲಿ ಒಂದು ಗಜ ಕೆಳಗಿಳಿಯುವಷ್ಟರಲ್ಲಿ ಚೆಂಡು ಒಂದು ಗಜ ಮುಂದಕ್ಕೂ ಹೋಗಿರುತ್ತದೆ. ನೆಲ ಒಂದು ಗಜ ಎತ್ತರದಲ್ಲಿದ್ದರೆ ಚೆಂಡಿನ ಪಯಣ ಅಷ್ಟು ಮುಂಚೆಯೇ ಮುಗಿಯುತ್ತದೆ. ಚೆಂಡು ತಗ್ಗಾಗಿ ಹಾರುವ ಉದ್ದನೆಯ ಹೊಡೆತಗಳಲ್ಲಿ ಏರಿನ ಪರಿಣಾಮ ಇನ್ನೂ ಹೆಚ್ಚು; ಎತ್ತರಕ್ಕೆ ಹಾರಿ ನೆಟ್ಟಗೆ ಬೀಳುವ ಗಿಡ್ಡ ಹೊಡೆತಗಳಲ್ಲಿ ಕಡಿಮೆ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಏರಿನ ಹೊಡೆತಕ್ಕೆ ಬಲ ಸೇರಿಸುವುದು. ಬಲ ಹೆಚ್ಚಾದಂತೆ ಮೈ ತೂಗಾಡಿ ಚೆಂಡು ದಿಕ್ಕು ತಪ್ಪುತ್ತದೆ. ಹೆಚ್ಚು ದೂರ ಹೊಡೆಯಬಲ್ಲ ಕೋಲನ್ನು ಆರಿಸಿಕೊಂಡು ಎಂದಿನ ಹದದಲ್ಲೇ ಬೀಸುವುದು ಸರಿಯಾದ ಕ್ರಮ. 7ನೆಯ ಸಂಖ್ಯೆಯ ಐರನ್ ಬದಲು 6ನೆಯದು ಅಥವಾ 5ನೆಯದು.

ಓರೆ ನೆಲದ ನಾಲ್ಕು ನಿಲುವುಗಳು

ಗುಡ್ಡದ ಮೈದಾನದಲ್ಲಿ ಆಟಗಾರ ಎದುರಿಸುವ ಓರೆ ನೆಲವನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಇಲ್ಲಿನ ವಿವರಣೆ ಬಲಗೈ ಆಟಗಾರರಿಗೆ ಸಂಬಂಧಿಸಿದ್ದು. ಎಡಗೈಯವರು ದಿಕ್ಕನ್ನು ತಿರುಗಿಸಿಕೊಳ್ಳಬೇಕು.

ಚೆಂಡು ಪಾದಕ್ಕಿಂತ ಮೇಲೆ: ಕೋಲು ಮೈಸುತ್ತ ಹೆಚ್ಚು ಅಡ್ಡಲಾಗಿ ತಿರುಗುತ್ತದೆ, ಅದರ ಮುಖ ಎಡಕ್ಕೆ ವಾಲುತ್ತದೆ. ಚೆಂಡು ಎಡಕ್ಕೆ ಹೋಗುತ್ತದೆ. ಕೋಲಿನ ಮುಖ ಹೆಚ್ಚು ಓರೆಯಾಗಿದ್ದಷ್ಟೂ ಈ ಪರಿಣಾಮ ಹೆಚ್ಚು. ಕೋಲನ್ನು ತುಸು ಕೆಳಗೆ ಹಿಡಿದು, ಗುರಿಯನ್ನು ಬಲಕ್ಕೆ ಸರಿಸಿಕೊಳ್ಳಬೇಕು.

ಚೆಂಡು ಪಾದಕ್ಕಿಂತ ಕೆಳಗೆ: ನಾಲ್ಕರಲ್ಲಿ ಅತ್ಯಂತ ಕಠಿಣವಾದದ್ದು ಇದು. ಚೆಂಡು ಬಲಕ್ಕೆ ಸರಿಯುತ್ತದೆ. ಹೊಡೆಯುವಾಗ ಮೈ ಮೇಲೆದ್ದರೆ ಕೋಲು ಚೆಂಡಿನ ನೆತ್ತಿಗಷ್ಟೇ ತಾಗುತ್ತದೆ. ಮೊಣಕಾಲು ಬಾಗಿಸಿ, ಆ ಬಾಗನ್ನು ಕೊನೆಯವರೆಗೂ ಕಾಯ್ದುಕೊಂಡು, ಎಡಕ್ಕೆ ಗುರಿಯಿಟ್ಟು ಮೆಲ್ಲಗೆ ಬೀಸಬೇಕು.

ಏರುಮುಖ: ಮುಂದಿನ ಕಾಲು ಎತ್ತರದಲ್ಲಿ. ಭುಜಗಳನ್ನು ನೆಲದ ಓರೆಗೆ ಸಮಾನಾಂತರವಾಗಿ ಇಟ್ಟುಕೊಳ್ಳಬೇಕು. ಕೋಲಿನ ಓರೆ ತಾನಾಗಿಯೇ ಹೆಚ್ಚುವುದರಿಂದ ಚೆಂಡು ಎತ್ತರಕ್ಕೆ ಹಾರಿ ಬೇಗ ಬೀಳುತ್ತದೆ. ಇಲ್ಲೂ ಹೆಚ್ಚು ದೂರದ ಕೋಲು ಬೇಕು.

ಇಳಿಮುಖ: ಮುಂದಿನ ಕಾಲು ತಗ್ಗಿನಲ್ಲಿ. ಚೆಂಡು ತಗ್ಗಾಗಿ ಹಾರಿ, ನೆಲ ಮುಟ್ಟಿದ ಮೇಲೆ ಬಹಳ ದೂರ ಓಡುತ್ತದೆ. ಚೆಂಡನ್ನು ಎತ್ತಿ ಹಾರಿಸುವ ಪ್ರಯತ್ನ ಬೇಡ. ಇಳಿಜಾರನ್ನು ಅನುಸರಿಸಿಯೇ ಕೋಲು ಸಾಗಬೇಕು.

ಮೈದಾನದಲ್ಲಿ ಇವುಗಳಲ್ಲಿ ಎರಡು ಒಟ್ಟಿಗೆ ಎದುರಾಗುವುದು ಸಾಮಾನ್ಯ. ಮುಂದೆ ಏರು, ಜೊತೆಗೆ ಚೆಂಡು ಪಾದಕ್ಕಿಂತ ಕೆಳಗೆ. ಅಂಥ ಕಡೆ ದೊಡ್ಡ ಹೊಡೆತದ ಆಸೆ ಬಿಟ್ಟು, ಮುಂದಿನ ಹೊಡೆತಕ್ಕೆ ಒಳ್ಳೆಯ ನಿಲುವು ಸಿಗುವ ಜಾಗಕ್ಕೆ ಚೆಂಡನ್ನು ತಲುಪಿಸುವುದೇ ಜಾಣತನ. ಅನುಭವಿಗಳು ಟೀಯಿಂದಲೇ ಇದನ್ನು ಯೋಚಿಸುತ್ತಾರೆ: ಅತಿ ದೂರದ ಜಾಗಕ್ಕಿಂತ ಅತಿ ಸಮವಾದ ಜಾಗಕ್ಕೆ ಗುರಿಯಿಡುತ್ತಾರೆ.

ಗ್ರೀನ್ ಮೇಲೆ

ಗುಡ್ಡದ ಗ್ರೀನ್‌ಗಳು ಕಣ್ಣಿಗೆ ಮೋಸ ಮಾಡುತ್ತವೆ. ಸುತ್ತಲಿನ ಇಡೀ ಗುಡ್ಡವೇ ಒಂದು ಕಡೆಗೆ ವಾಲಿರುವಾಗ, ಅದೇ ಕಡೆಗೆ ತುಸು ಕಡಿಮೆ ವಾಲಿರುವ ಗ್ರೀನ್ ಸಮವಾಗಿ, ಕೆಲವೊಮ್ಮೆ ವಿರುದ್ಧ ದಿಕ್ಕಿಗೆ ವಾಲಿದಂತೆಯೂ ಕಾಣುತ್ತದೆ. ಚೆಂಡು ಕಡಲಿನ ಕಡೆಗೇ ತಿರುಗುತ್ತದೆ ಎಂದು ಕಡಲತೀರದ ಮೈದಾನಗಳಲ್ಲಿ ಆಡುವವರು ಹೇಳುವುದುಂಟು. ಕಡಲಿಗೆ ಸೆಳೆತವೇನೂ ಇಲ್ಲ. ಭೂಮಿ ಅತ್ತ ವಾಲಿರುತ್ತದೆ, ಕಣ್ಣು ಅದನ್ನು ಗಮನಿಸುವುದಿಲ್ಲ.

ಇದಕ್ಕೆ ಪರಿಹಾರ, ಗ್ರೀನ್ ಮೇಲೆ ನಿಂತು ನೋಡುವುದಕ್ಕೆ ಮೊದಲು ದೂರದಿಂದಲೇ ನೋಡುವುದು. ಗ್ರೀನ್ ಕಡೆಗೆ ನಡೆದು ಬರುವಾಗ ಮಳೆ ಸುರಿದರೆ ನೀರು ಯಾವ ಅಂಚಿನಿಂದ ಹರಿದುಹೋದೀತು ಎಂದು ಕಲ್ಪಿಸಿಕೊಳ್ಳಬೇಕು. ಚೆಂಡು ತಿರುಗುವ ದಿಕ್ಕೂ ಅದೇ.

ಏರಿನ ಕಡೆಗೆ ಚೆಂಡನ್ನು ಉರುಳಿಸುವಾಗ ಗಟ್ಟಿಯಾಗಿ ಹೊಡೆಯಬಹುದು. ಅದು ಬೇಗ ಸಾಗುವುದರಿಂದ ಪಕ್ಕಕ್ಕೆ ವಾಲುವುದು ಕಡಿಮೆ. ಇಳಿಜಾರಿನಲ್ಲಿ ಮೆಲ್ಲಗೆ ಹೊಡೆಯಬೇಕಾಗುತ್ತದೆ. ಚೆಂಡು ನಿಧಾನವಾಗಿ ಸಾಗುವುದರಿಂದ ಓರೆಗೆ ಅದನ್ನು ಎಳೆಯಲು ಹೆಚ್ಚು ಸಮಯ ಸಿಗುತ್ತದೆ. ಆದಕಾರಣ ಗ್ರೀನ್ ಕಡೆಗಿನ ಹೊಡೆತವನ್ನು ಕುಳಿಯ ಕೆಳಬದಿಯಲ್ಲಿ ನಿಲ್ಲಿಸುವುದು ಗುಡ್ಡದ ಆಟದ ಮೂಲಪಾಠ.

ಗಾಳಿ ಮತ್ತು ಮಂಜು

ಸ್ಯಾನ್ ಫ್ರಾನ್ಸಿಸ್ಕೊದ ಬೇಸಿಗೆ ನಮ್ಮ ಬೇಸಿಗೆಯಂಥದಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಸಾಗರದಿಂದ ಮಂಜು ಒಳನುಗ್ಗಿ ನಗರದ ಪಶ್ಚಿಮ ಭಾಗವನ್ನು ಮುಚ್ಚುತ್ತದೆ. ಒಳನಾಡು ಬಿಸಿಯೇರಿದಾಗ ಅಲ್ಲಿನ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಕಡಲಿನ ತಂಪು ಗಾಳಿ ಗೋಲ್ಡನ್ ಗೇಟ್ ಕಿಂಡಿಯ ಮೂಲಕ ಒಳಬರುತ್ತದೆ. ಲಿಂಕನ್ ಪಾರ್ಕ್ ಇರುವುದು ಆ ಕಿಂಡಿಯ ಬಾಯಿಯಲ್ಲೇ. ಜುಲೈ ತಿಂಗಳ ಮಧ್ಯಾಹ್ನ ಉಣ್ಣೆಯಂಗಿ ತೊಟ್ಟು ಆಡುವವರನ್ನು ಇಲ್ಲಿ ಕಾಣಬಹುದು.

ತಂಪಾದ ಗಾಳಿ ಹೆಚ್ಚು ದಟ್ಟವಾಗಿರುವುದರಿಂದ ಚೆಂಡಿನ ದೂರ ತುಸು ತಗ್ಗುತ್ತದೆ. ತಣ್ಣಗಾದ ಚೆಂಡಿನ ಪುಟಿತವೂ ಕಡಿಮೆ. ನೆಲ ಒದ್ದೆಯಾಗಿದ್ದರೆ ಬಿದ್ದ ಮೇಲೆ ಉರುಳುವುದೂ ಇಲ್ಲ. ಗಾಳಿ ಸಾಮಾನ್ಯವಾಗಿ ಪಶ್ಚಿಮ ಮತ್ತು ವಾಯವ್ಯದಿಂದ ಬೀಸುತ್ತದೆ. ಮಧ್ಯಾಹ್ನದ ನಂತರ ಜೋರಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ತಿಳಿಯಾದ, ಬೆಚ್ಚನೆಯ ದಿನಗಳಿಗೆ ಹೆಸರಾದವು. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ.

ಹದಿನೇಳನೆಯ ಹೋಲ್

ಈ ಮೈದಾನದ ಖ್ಯಾತಿಗೆ ಮುಖ್ಯ ಕಾರಣ ಅದರ ಹದಿನೇಳನೆಯ ಹೋಲ್. ಇದರ ಪಾರ್ ಮೂರು. ಉದ್ದ ಸುಮಾರು 240 ಗಜ. ಪಾರ್ ಮೂರರ ಹೋಲ್‌ಗಳು ಸಾಮಾನ್ಯವಾಗಿ 200 ಗಜಗಳ ಒಳಗೇ ಇರುವುದರಿಂದ ಇದು ಹವ್ಯಾಸಿಗಳಿಗೆ ದೊಡ್ಡ ಸವಾಲು. ಟೀಯ ಮೇಲೆ ನಿಂತರೆ ಕೆಳಗೆ ಜಲಸಂಧಿ, ಆಚೆ ದಡದಲ್ಲಿ ಮರಿನ್ ಬೆಟ್ಟಗಳು, ಈಶಾನ್ಯಕ್ಕೆ ಕೆಂಪು ಕಿತ್ತಳೆ ವರ್ಣದ ಗೋಲ್ಡನ್ ಗೇಟ್ ಸೇತುವೆ. ಮೈದಾನ ಪೂರ್ಣಗೊಂಡ 20 ವರ್ಷಗಳ ನಂತರ, 1937ರ ಮೇ 27ರಂದು ಸೇತುವೆ ತೆರೆಯಿತು. ಅದರ ನಡುವಣ ಹರವು 4,200 ಅಡಿ, ಗೋಪುರಗಳ ಎತ್ತರ 746 ಅಡಿ. ಮೊದಲ ತಲೆಮಾರಿನ ಆಟಗಾರರು ಇಲ್ಲಿಂದ ಕಂಡದ್ದು ಬರಿಯ ನೀರು ಮತ್ತು ಹಡಗುಗಳನ್ನು.

ಹೆಚ್ಚಿನವರು ಇಲ್ಲಿ ಒಂದು ಕ್ಷಣ ಆಟ ಮರೆತು ನಿಲ್ಲುತ್ತಾರೆ. ಆಟದ ದೃಷ್ಟಿಯಿಂದ ಮೂರರಲ್ಲಿ ಮುಗಿಸುವ ಹಟಕ್ಕಿಂತ, ಗ್ರೀನ್ ಮುಂಭಾಗದವರೆಗೆ ಸುರಕ್ಷಿತವಾಗಿ ತಲುಪಿಸಿ ನಾಲ್ಕರಲ್ಲಿ ಮುಗಿಸುವುದು ಹವ್ಯಾಸಿಗೆ ಒಳ್ಳೆಯ ಫಲಿತಾಂಶವೇ.

ನಿಯಮ ಮತ್ತು ನಡವಳಿಕೆ

ಗುಡ್ಡದ ಮೇಲೆ ಆಗಾಗ ಏಳುವ ಪ್ರಶ್ನೆಯೆಂದರೆ, ನಿಂತಿದ್ದ ಚೆಂಡು ತಾನಾಗಿಯೇ ಉರುಳಿದರೆ ಏನು ಮಾಡಬೇಕು? ಫೇರ್‌ವೇಯಲ್ಲಿ ನಿಂತಿದ್ದ ಚೆಂಡು ಗಾಳಿಗೋ ಇಳಿಜಾರಿಗೋ ಸರಿದರೆ ದಂಡವಿಲ್ಲ. ಅದು ಹೊಸದಾಗಿ ನಿಂತಲ್ಲಿಂದ ಆಡಬೇಕು. ಆದರೆ ಗ್ರೀನ್ ಮೇಲೆ ಆಟಗಾರ ಚೆಂಡನ್ನು ಎತ್ತಿ, ಒರೆಸಿ, ಮತ್ತೆ ಇಟ್ಟ ನಂತರ ಅದು ಸರಿದರೆ ಮೊದಲಿನ ಜಾಗದಲ್ಲೇ ಇಡಬೇಕು. 2019ರಲ್ಲಿ ಜಾರಿಗೆ ಬಂದ ಪರಿಷ್ಕೃತ ನಿಯಮಗಳ ಪ್ರಕಾರ ಕಳೆದ ಚೆಂಡನ್ನು ಹುಡುಕಲು ಮೂರು ನಿಮಿಷ ಮಾತ್ರ ಅವಕಾಶ. ಮೊದಲು ಐದು ನಿಮಿಷವಿತ್ತು. ಕೋಲುಗಳ ಸಂಖ್ಯೆ 14 ಮೀರಬಾರದು.

ಮೈದಾನಗಳ ಅಂಕಪಟ್ಟಿಯಲ್ಲಿ ಕಾಣುವ ‘ಸ್ಲೋಪ್ ರೇಟಿಂಗ್’ ಎಂಬ ಸಂಖ್ಯೆ ಗುಡ್ಡದ ಇಳಿಜಾರನ್ನು ಅಳೆಯುತ್ತದೆಂದು ಹಲವರು ತಪ್ಪು ತಿಳಿಯುತ್ತಾರೆ. ನುರಿತ ಆಟಗಾರನಿಗೆ ಹೋಲಿಸಿದರೆ ಸಾಮಾನ್ಯ ಆಟಗಾರನಿಗೆ ಆ ಮೈದಾನ ಎಷ್ಟು ಕಷ್ಟ ಎಂಬುದನ್ನು ಅದು ಸೂಚಿಸುತ್ತದೆ. ಅದು 55ರಿಂದ 155ರವರೆಗೆ ಇರಬಹುದು. 113 ಎಂಬುದು ಪ್ರಮಾಣ ಸಂಖ್ಯೆ.

ದಿಬ್ಬಗಳ ಮರೆಯಲ್ಲಿ ಮುಂದಿನ ಗುಂಪು ಕಾಣದಿರಬಹುದು. ಮುಂದಿನವರು ಸರಿದದ್ದು ಖಚಿತವಾಗದೆ ಹೊಡೆಯಬಾರದು. ಚೆಂಡು ಯಾರದಾದರೂ ಕಡೆಗೆ ಹಾರಿದರೆ ‘ಫೋರ್’ ಎಂದು ಗಟ್ಟಿಯಾಗಿ ಕೂಗಬೇಕು. ಉದ್ಯಾನದ ರಸ್ತೆಗಳಲ್ಲಿ ಸಂಗ್ರಹಾಲಯಕ್ಕೆ ಬಂದವರು, ಲ್ಯಾಂಡ್ಸ್ ಎಂಡ್ ಕಾಲುದಾರಿಯತ್ತ ಹೊರಟವರು, ಮಕ್ಕಳು ಓಡಾಡುತ್ತಿರುವುದರಿಂದ ಇಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಕೋಲು ತಾಗಿ ಕಿತ್ತುಬಂದ ಹುಲ್ಲನ್ನು ಸ್ವಸ್ಥಾನದಲ್ಲಿಟ್ಟು ತುಳಿಯುವುದು, ಗ್ರೀನ್ ಮೇಲೆ ಚೆಂಡು ಬಿದ್ದು ಆದ ಕುಳಿಯನ್ನು ಸರಿಪಡಿಸುವುದು ಆಟಗಾರನ ಕರ್ತವ್ಯ. ದೊಡ್ಡ ಸಿಬ್ಬಂದಿಯಿಲ್ಲದ ಸಾರ್ವಜನಿಕ ಮೈದಾನ ಚೆನ್ನಾಗಿ ಉಳಿಯುವುದು ಆಡುವವರ ಕೈಗಳಿಂದಲೇ.

ಸಾರ್ವಜನಿಕ ಗಾಲ್ಫ್ ಎಂಬ ಪರಂಪರೆ

ಸಾರ್ವಜನಿಕರ ಗಾಲ್ಫ್ ಹೊಸದೇನಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಪ್ರಸಿದ್ಧ ಹಳೆಯ ಮೈದಾನವೂ ಸಾರ್ವಜನಿಕರದೇ. ಎಡಿನ್‌ಬರ ನಗರಾಡಳಿತ 1889ರಲ್ಲಿ ಬ್ರೇಯ್ಡ್ ಬೆಟ್ಟಗಳನ್ನು ನಾಗರಿಕರ ಆಟಕ್ಕೆ ತೆರೆಯಿತು. ಅಮೆರಿಕದ ಮೊದಲ ಸಾರ್ವಜನಿಕ ಮೈದಾನ ನ್ಯೂಯಾರ್ಕಿನ ವ್ಯಾನ್ ಕಾರ್ಟ್‌ಲ್ಯಾಂಡ್ ಪಾರ್ಕಿನಲ್ಲಿ 1895ರಲ್ಲಿ ಆರಂಭವಾಯಿತು.

ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತದ ಸ್ವತ್ತಿನಲ್ಲಿ ಲಿಂಕನ್ ಪಾರ್ಕ್ ಅಲ್ಲದೆ ಹಾರ್ಡಿಂಗ್ ಪಾರ್ಕ್, ಮೆಕ್‌ಲಾರೆನ್ ಪಾರ್ಕಿನ ಗ್ಲೆನೀಗಲ್ಸ್, ಗೋಲ್ಡನ್ ಗೇಟ್ ಪಾರ್ಕಿನ ಚಿಕ್ಕ ಮೈದಾನ, ಪಸಿಫಿಕಾ ಎಂಬ ಊರಿನಲ್ಲಿರುವ ಶಾರ್ಪ್ ಪಾರ್ಕ್ ಇವೆ. 1925ರಲ್ಲಿ ತೆರೆದ ಹಾರ್ಡಿಂಗ್ ಪಾರ್ಕ್ 2020ರಲ್ಲಿ ಪಿಜಿಎ ಚಾಂಪಿಯನ್‌ಷಿಪ್‌ಗೆ ಆತಿಥ್ಯ ನೀಡಿತು. ಕಾಲಿನ್ ಮೊರಿಕಾವಾ ಗೆದ್ದರು. 1964ರ ಅಮೆರಿಕ ಓಪನ್ ಗೆದ್ದ ಕೆನ್ ವೆಂಚುರಿ ಇದೇ ನಗರದ ಸಾರ್ವಜನಿಕ ಮೈದಾನಗಳಲ್ಲಿ ಬೆಳೆದವರು.

ಇಂಥ ಮೈದಾನಗಳ ಬಗ್ಗೆ ವಾದಗಳೂ ಇವೆ. ಜಾಗ ದುರ್ಲಭವಾದ ನಗರದಲ್ಲಿ ಇಷ್ಟು ವಿಶಾಲ ಭೂಮಿಯನ್ನು ಒಂದೇ ಆಟಕ್ಕೆ ಮೀಸಲಿಡುವುದು ಸರಿಯೇ? ಹುಲ್ಲಿಗೆ ಬೇಕಾಗುವ ನೀರಿನ ಲೆಕ್ಕವೇನು? ಶಾರ್ಪ್ ಪಾರ್ಕಿನಲ್ಲಿ ಅಳಿವಿನಂಚಿನ ಹಾವು ಮತ್ತು ಕಪ್ಪೆಗಳ ರಕ್ಷಣೆಗಾಗಿ ಪರಿಸರವಾದಿಗಳು 2011ರಲ್ಲಿ ನ್ಯಾಯಾಲಯಕ್ಕೂ ಹೋದರು. ಪ್ರತಿವಾದವೂ ಬಲವಾದದ್ದೇ. ಸಾರ್ವಜನಿಕ ಮೈದಾನ ಇಲ್ಲವಾದರೆ ಗಾಲ್ಫ್ ನಿಲ್ಲುವುದಿಲ್ಲ. ಕ್ಲಬ್ಬಿಗೆ ಹಣ ಕಟ್ಟಬಲ್ಲವರಿಗೆ ಮಾತ್ರ ಉಳಿಯುತ್ತದೆ. ನಿವೃತ್ತರು, ಶಾಲಾ ಮಕ್ಕಳು, ಕೆಲಸ ಮುಗಿಸಿ ಸಂಜೆ ಬರುವವರು ಆಟ ಕಳೆದುಕೊಳ್ಳುತ್ತಾರೆ.

ಲಿಂಕನ್ ಪಾರ್ಕಿನ ಸಂದರ್ಭದಲ್ಲಿ ಈ ಪ್ರಶ್ನೆಗೆ ಇನ್ನೊಂದು ಪದರವಿದೆ. ಇಲ್ಲಿನ ಸಾರ್ವಜನಿಕ ಭೂಮಿಯನ್ನು ಮೊದಲು ಪಡೆದವರು ಊರಿನ ಅತಿ ಬಡವರು. ಆ ಜಾಗವನ್ನು ಅವರಿಂದ ತೆಗೆದುಕೊಂಡದ್ದೂ ಸಾರ್ವಜನಿಕರ ಹೆಸರಿನಲ್ಲಿಯೇ. ಚಾರಿತ್ರಿಕ ತಾಣವೆಂಬ ಮನ್ನಣೆ ತಡವಾಗಿ ಬಂದರೂ, ಮುಂದೆ ಈ ನೆಲವನ್ನು ಅಗೆಯುವ ಮೊದಲು ಅದರ ಕೆಳಗಿರುವವರನ್ನು ನೆನೆಯಲೇಬೇಕಾದ ಹೊಣೆಯನ್ನು ನಗರದ ಮೇಲೆ ಹೊರಿಸಿದೆ.

ಹೋಗಬಯಸುವವರಿಗೆ

ಮೈದಾನದ ಕಚೇರಿ ಕ್ಲೆಮೆಂಟ್ ಬೀದಿ ಮತ್ತು 34ನೆಯ ಅವೆನ್ಯೂ ಸೇರುವಲ್ಲಿದೆ. ಆಟದ ಸಮಯವನ್ನು ಮುಂಗಡವಾಗಿ ಕಾದಿರಿಸಿಕೊಳ್ಳುವುದು ಒಳಿತು. ನಗರವಾಸಿಗಳಿಗೆ ಶುಲ್ಕದಲ್ಲಿ ರಿಯಾಯಿತಿಯಿದೆ. 18 ಹೋಲ್‌ಗಳನ್ನು ನಡೆದು ಮುಗಿಸಲು ನಾಲ್ಕರಿಂದ ಐದು ಗಂಟೆ ಹಿಡಿಯುತ್ತದೆ. ಏರುಗಳು ಕಾಲಿಗೆ ದಣಿವು ತರುವುದರಿಂದ ಹಗುರವಾದ ಚೀಲ, ಜಾರದ ಪಾದರಕ್ಷೆ, ಗಾಳಿ ತಡೆಯುವ ಮೇಲಂಗಿ ಜೊತೆಗಿರಲಿ. ಆಡದವರು ಸಂಗ್ರಹಾಲಯವನ್ನು ನೋಡಬಹುದು. ಕ್ಯಾಲಿಫೋರ್ನಿಯಾ ಬೀದಿಯ ಕೊನೆಯಲ್ಲಿ ಬಣ್ಣದ ಹೆಂಚುಗಳಿಂದ ಸಿಂಗರಿಸಿದ ಮೆಟ್ಟಿಲುಗಳನ್ನೇರಿ ಉದ್ಯಾನವನ್ನು ಪ್ರವೇಶಿಸಬಹುದು.

ಆಡುವವರು ಹುಲ್ಲಿನ ನಡುವೆ ನಿಂತಿರುವ ಕಾಂಗ್ ಚೌ ಮಂಟಪದ ಬಳಿ ಹಾದುಹೋಗುವಾಗ ಒಂದು ನಿಮಿಷ ನಿಂತು ನೋಡಲಿ. ಹಿಂದಿನ ಗುಂಪು ಅಷ್ಟು ಹೊತ್ತು ಕಾದೀತು.